ಕಲಬುರಗಿ ಬೇಸಿಗೆಯಲ್ಲಿ ಓವರ್‌ಕ್ಲಾಕ್ ಮಾಡಿದ ರೈಜನ್‌ಗೆ ಯಾವ ಏರ್ ಕೂಲರ್?

ಪ್ರಶ್ನೆ: ಕಲಬುರಗಿಯಲ್ಲಿದ್ದೇನೆ. ಕಂಪ್ಯೂಟರ್‌ನ ರೈಜನ್ 5 3600 ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ಅದರ ವೇಗ ಹೆಚ್ಚಿಸಿ, 1.35 ವೋಲ್ಟ್‌ನಲ್ಲಿ 4.2 ಗಿಗಾಹರ್ಟ್ಸ್‌ಗೆ ಏರಿಸಿದ್ದೇನೆ. ಅದನ್ನು ತಣ್ಣಗಿಡುವ ಕೂಲರ್ ಅದರ ಪೆಟ್ಟಿಗೆಯಲ್ಲೇ ಬಂದದ್ದು. ವಿಡಿಯೊ ರೆಂಡರ್‌ಗೆ ಹಾಕಿದ ಐದೇ ನಿಮಿಷಕ್ಕೆ 93 ಡಿಗ್ರಿ ತೋರಿಸುತ್ತದೆ. ದೊಡ್ಡದೇ ಕೊಂಡುಬಿಡಲೇ?

ರಾಯಚೂರಿನಿಂದ: ಇದರ ಮಿತಿಯೇ 95 ಡಿಗ್ರಿ, ಆದ್ದರಿಂದ ಬದಲಾಯಿಸಲೇಬೇಕು. ಆದರೆ ಅಂಗಡಿಗೆ ಹೋಗುವ ಮೊದಲು ಸ್ಕೇಲು ಹಿಡಿಯಿರಿ. ನಾನು ಹಿಡಿಯಲಿಲ್ಲ. 165 ಮಿಲಿಮೀಟರ್ ಎತ್ತರದ ನಾಕ್ಟುವಾ ಎನ್‌ಎಚ್-ಡಿ15 ಕೂಲರ್ ತಂದೆ, ಕ್ಯಾಬಿನೆಟ್ ಮುಚ್ಚಲಿಲ್ಲ. ಬೇಸಿಗೆಯುದ್ದಕ್ಕೂ ಪಕ್ಕದ ಮುಚ್ಚಳ ತೆಗೆದಿಟ್ಟೇ ಕೆಲಸ ಮಾಡಿದೆ. ಜೂನ್ ಹೊತ್ತಿಗೆ ಕೂಲರ್‌ನ ಲೋಹದ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿಯಂತೆ ಕೂತಿತ್ತು. ಅಳೆಯಬೇಕಾದದ್ದು ಮದರ್‌ಬೋರ್ಡ್‌ನಿಂದಲ್ಲ, ಪ್ರೊಸೆಸರ್‌ನ ಲೋಹದ ಮೇಲ್ಮೈಯಿಂದ ಮುಚ್ಚಳದವರೆಗೆ. ರ್‍ಯಾಮ್‌ಗೆ ಎತ್ತರದ ಕವಚವಿದ್ದರೆ ಫ್ಯಾನ್ ಅದಕ್ಕೆ ತಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ನಿಮಗೆ ನನ್ನದರಂತೆ ಎರಡು ಗೋಪುರದ (ರೆಕ್ಕೆಗಳ ಎರಡು ಸಾಲು ಇರುವ) ಕೂಲರ್ ಬೇಕಿಲ್ಲ. 3600ರ ಆರೂ ಕೋರ್‌ಗಳು ಸುಮಾರು 74 ಚದರ ಮಿಲಿಮೀಟರ್‌ನ ಒಂದೇ ಪುಟ್ಟ ಚಿಪ್‌ನಲ್ಲಿವೆ. ಬಿಸಿ ಮೊದಲು ಸಿಕ್ಕಿಬೀಳುವುದು ಅಲ್ಲಿ, ರೆಕ್ಕೆಗಳನ್ನು ತಲುಪುವ ಮುನ್ನವೇ. ನಾಲ್ಕು ಹೀಟ್‌ಪೈಪ್ (ಬಿಸಿಯನ್ನು ರೆಕ್ಕೆಗಳಿಗೆ ಸಾಗಿಸುವ ಕೊಳವೆ), 120 ಮಿಲಿಮೀಟರ್ ಫ್ಯಾನ್ ಇರುವ ಒಂದೇ ಗೋಪುರದ್ದು ಸಾಕು. ಡೀಪ್‌ಕೂಲ್ ಎಕೆ400 ಅಂಥದ್ದು, ಎತ್ತರ 155 ಮಿಲಿಮೀಟರ್.

ಉಳಿದ ಹಣ ಕ್ಯಾಬಿನೆಟ್‌ನ ಮುಂಭಾಗದ ಫ್ಯಾನ್‌ಗೆ ಹಾಕಿ. ಏರ್ ಕೂಲರ್ ಎಂಥದ್ದೇ ಆಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಯಲ್ಲಿ 38 ಡಿಗ್ರಿ ಇರುವ ನಮ್ಮ ಕಡೆಯ ಮೇ ತಿಂಗಳನ್ನು, 24 ಡಿಗ್ರಿಯ ಕೋಣೆಯಲ್ಲಿ ಮಾಡಿದ ಪರೀಕ್ಷೆಗೆ ಹೋಲಿಸುವಾಗ 14 ಡಿಗ್ರಿ ಸೇರಿಸಿಕೊಳ್ಳಿ.

ವೋಲ್ಟೇಜನ್ನೂ ಇಳಿಸಿ ನೋಡಿ. ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ವೇಗ ಅಷ್ಟೇ ಇಟ್ಟುಕೊಂಡು 1.25ಕ್ಕೆ ತಂದರೆ ಸುಮಾರು ಶೇ. 14ರಷ್ಟು ಕಡಿಮೆಯಾಗುತ್ತದೆ. ಎಲ್ಲ ಚಿಪ್‌ಗಳೂ ಅದನ್ನು ತಾಳುವುದಿಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲವೂ ಒಂದು ಗಂಟೆ ರೆಂಡರ್ ಮಾಡಿ ನೋಡಿ.

ಹುಬ್ಬಳ್ಳಿಯಿಂದ: ಹಳೆಯ ಕೂಲರನ್ನು ದಯವಿಟ್ಟು ನೇರವಾಗಿ ಮೇಲಕ್ಕೆ ಎಳೆಯಬೇಡಿ. ನಿಮ್ಮ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್‌ನಲ್ಲಿ ಅದನ್ನು ಮೇಲಿನಿಂದ ಅದುಮಿ ಹಿಡಿಯುವ ಚೌಕಟ್ಟಿಲ್ಲ. ನನ್ನ ಪ್ರೊಸೆಸರ್, ಬಿಸಿ ದಾಟಲೆಂದು ಅದಕ್ಕೂ ಕೂಲರ್‌ಗೂ ನಡುವೆ ಹಚ್ಚಿದ್ದ, ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಕೂಲರ್ ಜೊತೆಗೇ ಕಿತ್ತು ಬಂತು, ಮೂರು ಪಿನ್ ಬಾಗಿದವು. ಕಡ್ಡಿ ತೆಗೆದ ಪೆನ್-ಪೆನ್ಸಿಲ್‌ನ ಮೊನೆಗೆ ಒಂದೊಂದೇ ಪಿನ್ ಸಿಕ್ಕಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಮೊದಲು ಹತ್ತು ನಿಮಿಷ ಏನಾದರೂ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಕಂಪ್ಯೂಟರ್ ಆರಿಸಿ ಪ್ಲಗ್ ತೆಗೆಯಿರಿ. ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ, ಸಡಿಲಾದ ಮೇಲೆಯೇ ಎತ್ತಿ.

ಕೇಳಿದವರಿಂದ: ಅಳೆದೆ, 158 ಮಿಲಿಮೀಟರ್ ಸಿಕ್ಕಿತು. 1.28 ವೋಲ್ಟ್‌ನಲ್ಲಿ ರೆಂಡರ್ ನಡೆಯುತ್ತಿದೆ; ಹಳೆಯ ಕೂಲರ್‌ನಲ್ಲೇ 87. ಎಕೆ400 ತರಿಸುತ್ತಿದ್ದೇನೆ.