ನಿರಪರಾಧಿಯೆಂಬ ಪೂರ್ವಭಾವನೆ ತೀರ್ಪಿನ ದಿನಕ್ಕೆ ಮಾತ್ರವೇ?

ಪ್ರಶ್ನೆ: ಕೊಡಗಿನ ಓದುಗ

ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ಠಾಣೆಗೆ ದೂರು ಕೊಟ್ಟ ಕುಶಾಲನಗರ ಕಡೆಯ ಆದಿವಾಸಿಯೊಬ್ಬ, ಆಕೆಯನ್ನೇ ಕೊಂದ ಆರೋಪ ಹೊತ್ತು ಜೈಲು ಸೇರಿದ ಪ್ರಕರಣ ತಮಗೆಲ್ಲ ನೆನಪಿರಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಸಿಕ್ಕ ಅಸ್ಥಿಪಂಜರ ಆಕೆಯದೇ ಎಂದು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿತ್ತು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅದೇ ತಿಂಗಳು ಆತನನ್ನು ಖುಲಾಸೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.

ಆರೋಪ ಸಾಬೀತಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿ ಎನ್ನುವುದಾದರೆ, ಈತ ಸೆರೆಯಲ್ಲಿದ್ದ ಅಷ್ಟೂ ದಿನ ಆ ತತ್ತ್ವ ಏನು ಮಾಡುತ್ತಿತ್ತು? ಇಂಥವರಿಗೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೈಸೂರು ವಕೀಲ

ಮೊದಲ ಪ್ರಶ್ನೆಗೆ ಉತ್ತರ ಕಹಿಯಾಗಿದೆ. ಈ ತತ್ತ್ವಕ್ಕೆ ಪೂರ್ಣ ಬಲ ಬರುವುದು ಸಾಕ್ಷ್ಯವನ್ನು ತೂಗಿ ತೀರ್ಪು ಬರೆಯುವ ಹೊತ್ತಿನಲ್ಲಿ ಮಾತ್ರ. ಪ್ರತ್ಯಕ್ಷ ಸಾಕ್ಷಿಯಿಲ್ಲದ ಪ್ರಕರಣಗಳಲ್ಲಿ ಸಾಂದರ್ಭಿಕ ಸಾಕ್ಷ್ಯದ ಸರಪಳಿಯ ಒಂದು ಕೊಂಡಿಯೂ ಕಳಚಿರಬಾರದು, ಆರೋಪಿಯೇ ಅಪರಾಧಿ ಎಂಬುದನ್ನು ಬಿಟ್ಟು ಬೇರೆ ಯಾವ ಊಹೆಗೂ ಅದು ಎಡೆಗೊಡಬಾರದು ಎಂದು ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ದಿಚಂದ್ ಸಾರ್ದಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಬಂಧನಕ್ಕೆ ಸಕಾರಣವಾದ ಸಂಶಯವಿದ್ದರೆ ಸಾಕು; ದೋಷಾರೋಪ ನಿಗದಿಗೆ ಮೇಲ್ನೋಟದ ಆಧಾರವಿದ್ದರೆ ಸಾಕು. ಕೊಲೆಯಂಥ ಆರೋಪದಲ್ಲಿ ಜಾಮೀನು ಸುಲಭವಾಗಿ ಸಿಗುವುದೂ ಇಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಡಿಎನ್ಎ ವಿಷಯ. ಕಾಣೆಯಾದವಳ ತಾಯಿಯ ರಕ್ತದ ಮಾದರಿಯೊಂದಿಗೆ ಆ ಮೂಳೆಗಳು ಹೊಂದಲಿಲ್ಲ. ಸತ್ತವರು ಯಾರೆಂಬುದೇ ಬಿದ್ದುಹೋದ ಮೇಲೆ ಕೊಲೆಯ ಆರೋಪ ಎಲ್ಲಿ ನಿಲ್ಲುತ್ತದೆ? ಆದರೂ ಪ್ರಕರಣ ಅಲ್ಲಿಗೆ ಮುಗಿಯದೆ ವಿಚಾರಣೆ ಮುಂದುವರಿಯಿತು. ಸಾಬೀತುಪಡಿಸುವ ಹೊಣೆ ಸರ್ಕಾರದ್ದೆಂದು ಕಾನೂನು ಹೇಳಿದರೂ, ಹೆಂಡತಿ ಬದುಕಿದ್ದಾಳೆಂಬುದನ್ನು ಕಟ್ಟಕಡೆಗೆ ಕಣ್ಣೆದುರು ತೋರಿಸಬೇಕಾಗಿ ಬಂದದ್ದು ಆರೋಪಿಯ ಪಕ್ಷವೇ.

ಉತ್ತರ: ನಿವೃತ್ತ ಶಿರಸ್ತೇದಾರ

ಪರಿಹಾರದ ಕುರಿತು ನನಗೆ ತಿಳಿದಷ್ಟು ಹೇಳುತ್ತೇನೆ. ದುರುದ್ದೇಶದ ಮೊಕದ್ದಮೆ ಹೂಡಿದರೆಂದು ಸಿವಿಲ್ ದಾವೆ ಹಾಕಬಹುದು. ಆದರೆ ಖುಲಾಸೆಯಾದ ದಿನದಿಂದ 1 ವರ್ಷದೊಳಗೆ ಹಾಕಬೇಕು ಮತ್ತು ದುರುದ್ದೇಶವನ್ನು ಸಾಬೀತುಪಡಿಸಬೇಕು, ಬರೀ ಅಜಾಗರೂಕತೆ ತೋರಿಸಿದರೆ ಸಾಲದು. ಜೈಲಿನಿಂದ ಬಂದು ಕೂಲಿಗೆ ಹೋಗುವವನಿಗೆ ಇದು ಆಗುವ ಮಾತಲ್ಲ. ಆಧಾರವಿಲ್ಲದೆ ಬಂಧನಕ್ಕೆ ಕಾರಣನಾದವನಿಂದ ಪರಿಹಾರ ಕೊಡಿಸಲು ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಕಾನೂನು) 399ನೇ ಕಲಂ ಇದೆ, ಅದರ ಮಿತಿ 1 ಸಾವಿರ ರೂಪಾಯಿ! ವಕೀಲರ ಒಂದು ದಿನದ ಶುಲ್ಕಕ್ಕೂ ಅದು ಸಾಲದು.

ಉಳಿದಿರುವುದು ರಿಟ್ ಅರ್ಜಿ, ಅಂದರೆ ಮೂಲಭೂತ ಹಕ್ಕಿಗೆ ಧಕ್ಕೆಯಾಯಿತೆಂದು ನೇರವಾಗಿ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿಗೆ ಹಾಕುವ ಅರ್ಜಿ. ಖುಲಾಸೆಯಾದ ಬಳಿಕವೂ 14 ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹ್ ಅವರಿಗೆ 1983ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿದ್ದು ಈ ಮಾರ್ಗದ ಆರಂಭ. 1994ರಲ್ಲಿ ಬಂಧಿತರಾಗಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿಯ ಆದೇಶವಾದದ್ದು 2018ರಲ್ಲಿ. ಮೊತ್ತ ನಿಗದಿಗೆ ಸೂತ್ರವೆಂಬುದಿಲ್ಲ, ನ್ಯಾಯಪೀಠದ ವಿವೇಚನೆಯೇ ಎಲ್ಲ. ಇದನ್ನು ಶಾಸನಬದ್ಧ ಹಕ್ಕಾಗಿಸಿ, ವಿಶೇಷ ನ್ಯಾಯಾಲಯಗಳ ಮೂಲಕ ತ್ವರಿತವಾಗಿ ಇತ್ಯರ್ಥಪಡಿಸಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದ್ದೂ 2018ರಲ್ಲೇ. ಅದಾದ ಮೇಲೆ ದಂಡಸಂಹಿತೆಯನ್ನೇ ಬದಲಿಸಿದ ಸಂಸತ್ತು ಈ ಶಿಫಾರಸನ್ನು ಮಾತ್ರ ಮುಟ್ಟಲಿಲ್ಲ.

ಉತ್ತರ: ಹುಣಸೂರಿನವ

ಪೊಲೀಸರ ಮೇಲೆ ಪರಿಹಾರದ ಕತ್ತಿ ತೂಗುತ್ತಿದ್ದರೆ ಯಾವ ತನಿಖಾಧಿಕಾರಿ ಧೈರ್ಯವಾಗಿ ಬಂಧಿಸುತ್ತಾನೆ? ಸಂಶಯದ ಲಾಭವನ್ನು ಅತಿಯಾಗಿ ಹಿಗ್ಗಿಸಿದರೆ ನಿಜವಾದ ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆಂದು 1973ರ ಶಿವಾಜಿ ಬೋಬಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿದೆ.

ಉತ್ತರ: ಮೈಸೂರು ವಕೀಲ

ಆ ಎಚ್ಚರಿಕೆ ಸರಿಯೇ, ಆದರೆ ಅದನ್ನು ಇಲ್ಲಿ ತಂದರೆ ತಮ್ಮ ವಾದಕ್ಕೇ ಪೆಟ್ಟು. ಬೆಟ್ಟದಪುರದಲ್ಲಿ ಸಿಕ್ಕ ಅಸ್ಥಿಪಂಜರ ಯಾರದು? ಯಾರೋ ಒಬ್ಬರು ಸತ್ತದ್ದಂತೂ ಸತ್ಯ. ಆ ಮೂಳೆಗಳಿಗೆ ಬೇರೆಯವರ ಹೆಸರನ್ನು ಅಂಟಿಸಿದ ದಿನವೇ ಸತ್ತವರ ಗುರುತು ಹುಡುಕುವ ಕೆಲಸ ನಿಂತಿತು. ಅದು ಕೊಲೆಯಾಗಿದ್ದರೆ, ಕೊಂದವರಿಗೆ ವರ್ಷಗಟ್ಟಲೆ ಬಿಡುವು ಸಿಕ್ಕಂತಾಯಿತು. ಇನ್ನು ಪರಿಹಾರ ಕೊಡಬೇಕಾದದ್ದು ಮುಖ್ಯವಾಗಿ ಸರ್ಕಾರವೇ ಹೊರತು ಅಧಿಕಾರಿಯ ಸಂಬಳದಿಂದಲ್ಲ, ಹಾಗಾಗಿ ಪ್ರಾಮಾಣಿಕವಾಗಿ ಕೆಲಸ ಮಾಡುವವರು ಹೆದರಬೇಕಾಗಿಲ್ಲ. 1 ಲಕ್ಷ ಸಾಲದೆಂದು ಆತ 5 ಕೋಟಿ ಕೇಳಿ ಹೈಕೋರ್ಟ್ ಮೆಟ್ಟಿಲೇರಿದ್ದಾನೆ. ಮೊತ್ತ ಎಷ್ಟೇ ಆಗಲಿ, ಅದನ್ನು ಯಾವ ಲೆಕ್ಕದ ಮೇಲೆ ನಿಗದಿಪಡಿಸಲಾಯಿತೆಂಬ ವಿವರಣೆ ಹೈಕೋರ್ಟಿನ ಆದೇಶದಲ್ಲಿದ್ದರೆ ಮುಂದಿನವರಿಗೆ ಹಿಡಿಯಲು ಒಂದು ಆಧಾರವಾದರೂ ಸಿಕ್ಕೀತು.