ಹೊರಗಿನವನು ಕಾಟ ಕೊಟ್ಟರೆ ಮಾಲೀಕರಿಗೆ ಜವಾಬ್ದಾರಿ ಇಲ್ವಾ?

ಪ್ರಶ್ನೆ: ಮೇಡಂ, ಸಿಂಧನೂರು ಕಡೆಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಹಮಾಲರು, ಕಸ ಗುಡಿಸುವವರು ಎಲ್ಲ ಸೇರಿ 20ಕ್ಕೂ ಜಾಸ್ತಿ ಜನ ಇದ್ದೇವೆ. ಭತ್ತ ತರುವ ದಲ್ಲಾಳಿಯೊಬ್ಬ ತೂಕದ ಚೀಟಿ ಇಸ್ಕೊಳ್ಳುವ ನೆಪದಲ್ಲಿ ಕೈ ಹಿಡಿಯುತ್ತಾನೆ, ರಾತ್ರಿ ಅಸಹ್ಯ ಮೆಸೇಜ್ ಹಾಕುತ್ತಾನೆ. ಮಾಲೀಕರಿಗೆ ಹೇಳಿದರೆ "ಅಂವ ನಮ್ಮ ಆಳಲ್ಲ, ಸೀಸನ್ ಮುಗಿಯೋತನಕ ಸಂಭಾಳಿಸ್ಕೊಂಡು ಹೋಗಮ್ಮ" ಅಂದರು. ಕಾನೂನೂ ಹೀಗೇ ಹೇಳುತ್ತಾ?

ವಕೀಲರ ಉತ್ತರ: ಇಲ್ಲ ತಂಗಿ. ನಿಮ್ಮ ಮಾಲೀಕರು ಹೇಳಿದ್ದು ಪೂರ್ತಿ ತಪ್ಪು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆಯ 19ನೇ ಸೆಕ್ಷನ್ ಓದಿಸಿ ಅವರಿಗೆ. ಕೆಲಸದ ಜಾಗಕ್ಕೆ ಬಂದು ಹೋಗುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಕರ್ತವ್ಯ ಅಂತ ಅಲ್ಲೇ ಬರೆದಿದೆ. ಕಾಟ ಕೊಟ್ಟವನು ನೌಕರನಲ್ಲದಿದ್ದರೆ, ನೀವು ಬಯಸಿದಲ್ಲಿ, ಅವನ ಮೇಲೆ ಕ್ರಮ ಶುರು ಮಾಡಿಸಬೇಕಾದವರೂ ಅವರೇ. ನೀವು ಪೊಲೀಸ್ ದೂರು ಕೊಡುತ್ತೀನಿ ಅಂದರೆ ಸಹಾಯ ಮಾಡಲೇಬೇಕು. ಇಷ್ಟವಿಲ್ಲದೆ ಮೈ ಕೈ ಮುಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಕೆಳಗೆ ಅಪರಾಧ, 3 ವರ್ಷದವರೆಗೆ ಜೈಲು. ಠಾಣೆಗೆ ಹೋಗಲು ಯಾರ ಒಪ್ಪಿಗೆಯೂ ಬೇಡ.

ಇನ್ನು ಇಂಥ ದೂರು ವಿಚಾರಿಸುವ ಸಮಿತಿ ವಿಷಯ. 10 ಅಥವಾ ಹೆಚ್ಚು ಜನ ಇದ್ದರೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಜೊತೆಗೆ ಹೊರಗಿನ ಒಬ್ಬರು. "ಹಮಾಲರು ದಿನಗೂಲಿಯವರು, ಅವರನ್ನು ಎಣಿಸಬಾರದು" ಅನ್ನುವ ಮಾತು ನಮ್ಮ ಕಡೆ ಜಾಸ್ತಿ ಕೇಳಿಬರುತ್ತದೆ, ಅದನ್ನು ನಂಬಬೇಡಿ. ದಿನಗೂಲಿ, ಗುತ್ತಿಗೆ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಸಮಿತಿಯೇ ಮಾಡಿಲ್ಲ ಅಂದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಬೀಳಬಹುದು. ಹಾಗಿದ್ದರೆ ರಾಯಚೂರಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಸೀಸನ್ ಮುಗಿಯಲಿ ಅಂತ ಮಾತ್ರ ಕಾಯಬೇಡಿ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಸಮಿತಿಗೆ ದೂರು ಬರೆದುಕೊಡಬೇಕು. ಸಮಿತಿ ಕಾರಣ ಒಪ್ಪಿದರೆ ಇನ್ನೂ 3 ತಿಂಗಳು ಸಿಗಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಮೆಸೇಜ್ ಒಂದನ್ನೂ ಅಳಿಸಬೇಡಿ. ಅವನು ಲೋಡ್ ತಂದ ದಿನಗಳ ತೂಕದ ಚೀಟಿಗಳ ಫೋಟೋ ತೆಗೆದಿಟ್ಟುಕೊಳ್ಳಿ, ಅವನು ಅವತ್ತು ಮಿಲ್‌ಗೆ ಬಂದಿದ್ದ ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನೊಬ್ಬರು: ನಮ್ಮದು ಬಳ್ಳಾರಿಯಲ್ಲಿ ಚಿಕ್ಕ ಜೀನ್ಸ್ ಯೂನಿಟ್, ಎಂಟೇ ಜನ. ನಮಗೂ ಸಮಿತಿ ಬೇಕಾ ಮೇಡಂ?

ವಕೀಲರ ಉತ್ತರ: ಬೇಡ ಸರ್. ನಿಮ್ಮಲ್ಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ದೂರು ಮಾಲೀಕರ ಮೇಲೇ ಇದ್ದರೂ ಅಲ್ಲಿಗೇ. ಹಾಗಂತ ಸುರಕ್ಷತೆಯ ಹೊಣೆ ನಿಮಗೆ ತಪ್ಪಲ್ಲ.

ಪ್ರಶ್ನೆ ಕೇಳಿದವರು: ಮೇಡಂ, ದಲ್ಲಾಳಿ ಕಡೆಯವರು ದುಡ್ಡು ಕೊಟ್ಟು ರಾಜಿ ಮಾಡಿಸ್ತೀವಿ ಅಂತಿದ್ದಾರೆ.

ವಕೀಲರ ಉತ್ತರ: ಈ ಕಾಯ್ದೆಯಲ್ಲಿ ದುಡ್ಡಿನ ಮೇಲೆ ರಾಜಿ ಮಾಡುವ ಹಾಗೇ ಇಲ್ಲ. ಮಾತುಕತೆ ಆಗುವುದಿದ್ದರೂ ನೀವಾಗಿಯೇ ಕೇಳಿದರೆ ಮಾತ್ರ, ಅದೂ ಸಮಿತಿ ಮೂಲಕ. ನಾಳೆನೇ ದೂರು ಬರೆಯಿರಿ, ಕೊಡುವ ಮೊದಲು ಕರಡು ನನಗೆ ಕಳಿಸಿ, ನೋಡಿ ಕೊಡುತ್ತೇನೆ.