ಮಿಡತೆ ರೋಬೋಟ್ ನೆಲ ಬಿಟ್ಟು ಏಳುತ್ತಿಲ್ಲ

ಹೊಸ ಬೆಸುಗೆ:
ಮಿಡತೆಯ ಹಾಗೆ ಜಿಗಿಯುವ ರೋಬೋಟ್ ಕಟ್ಟುತ್ತಿದ್ದೇನೆ. ಬ್ಯಾಟರಿ ಸೇರಿ ತೂಕ 60 ಗ್ರಾಂ, ಕಾಲು ಚಾಚುವ ಉದ್ದ 4 ಸೆಂ.ಮೀ. ಎಸ್‌ಜಿ90 ಸರ್ವೋವನ್ನು (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರ್) ನೇರವಾಗಿ ಮೊಣಕಾಲಿಗೇ ಜೋಡಿಸಿದ್ದೇನೆ. 30 ಸೆಂ.ಮೀ. ಎತ್ತರಕ್ಕೆ ಹಾರಿದರೆ ಸಾಕು. ಆದರೆ ಅದು ಬಸ್ಕಿ ಹೊಡೆಯುವಂತೆ ಎದ್ದು ಕೂರುತ್ತದೆ ಅಷ್ಟೇ. ಕೋಡ್‌ನಲ್ಲಿದ್ದ ವಿಳಂಬವನ್ನೆಲ್ಲ ತೆಗೆದೆ, ಬ್ಯಾಟರಿ ಬದಲಿಸಿದೆ, ಪ್ರಯೋಜನವಾಗಲಿಲ್ಲ. ದೊಡ್ಡ ಸರ್ವೋ ಹಾಕಬೇಕೇ?

ಗೇರ್ ಪೆಟ್ಟಿಗೆ:
ಬೇಡ. ತೂಕವೂ ಏರುತ್ತದೆ, ಮತ್ತೆ ಅದೇ ಬಸ್ಕಿ.

ಲೆಕ್ಕ ಹಾಕಿ ನೋಡಿ. 60 ಗ್ರಾಂ ತೂಕವನ್ನು 30 ಸೆಂ.ಮೀ. ಮೇಲೆತ್ತಲು ಬೇಕಾದ ಶಕ್ತಿ ಸುಮಾರು 0.18 ಜೂಲ್, ಅದೇನೂ ಹೆಚ್ಚಲ್ಲ. ಆದರೆ ನೆಲ ಬಿಡುವಾಗ ವೇಗ ಸೆಕೆಂಡಿಗೆ 2.4 ಮೀಟರ್ ಇರಬೇಕು. 4 ಸೆಂ.ಮೀ. ಚಾಚುವಷ್ಟರಲ್ಲಿ ಆ ವೇಗ ಬರಬೇಕಾದರೆ ಸಿಗುವ ಸಮಯ ಸೆಕೆಂಡಿನ ಮೂವತ್ತನೇ ಒಂದು ಭಾಗ. ಅಂದರೆ 5 ವಾಟ್‌ಗೂ ಹೆಚ್ಚು ಬೇಕು. ನಿಮ್ಮ ಸರ್ವೋ ಅರ್ಧ ವಾಟ್ ಕೊಟ್ಟರೆ ಪುಣ್ಯ.

ಮಿಡತೆಯ ಸ್ನಾಯುವಿಗೂ ಇದೇ ಬಡತನ. ಅದಕ್ಕೇ ಅದು ಹಿಂಗಾಲನ್ನು ಮಡಚಿಕೊಂಡು, ಮಡಚುವ ಮತ್ತು ಚಾಚುವ ಸ್ನಾಯುಗಳೆರಡನ್ನೂ ಒಟ್ಟಿಗೆ ಬಿಗಿಯುತ್ತದೆ. ಮೊಣಕಾಲಿನ ಗಟ್ಟಿ ಹೊರಪೊರೆ ಬಿಲ್ಲಿನಂತೆ ಬಾಗಿ ಶಕ್ತಿ ಕೂಡಿಡುತ್ತದೆ. ಮಡಚುವ ಸ್ನಾಯು ಸಡಿಲಾದ ಕ್ಷಣವೇ ಜಿಗಿತ. ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಇಪಿಎಫ್‌ಎಲ್‌ನಲ್ಲಿ 2008ರಲ್ಲಿ ತಯಾರಾದ 7 ಗ್ರಾಂ ರೋಬೋಟ್ ಹೀಗೆ ಸ್ಪ್ರಿಂಗ್ ಬಿಗಿದುಕೊಂಡೇ ಸುಮಾರು 1.4 ಮೀಟರ್ ಹಾರಿತ್ತು.

ನೀವೂ ಮೋಟಾರ್‌ನಿಂದ ನಿಧಾನವಾಗಿ ರಬ್ಬರ್ ಬ್ಯಾಂಡ್ ಎಳೆಸಿ, ಥಟ್ಟನೆ ಬಿಡಿಸಿ. ಬಸವನಹುಳುವಿನ ಚಿಪ್ಪಿನ ಆಕಾರದ ಕ್ಯಾಮ್ (ಮೋಟಾರ್ ತಿರುಗಿಸುವ, ಅಂಚಿನಲ್ಲಿ ಒಂದು ಮೆಟ್ಟಿಲಿರುವ ಬಿಲ್ಲೆ) ಸಾಕು: ಕಾಲಿನ ಸನ್ನೆಕೋಲು ಅದರ ಅಂಚಿನ ಮೇಲೆ ಏರುತ್ತಾ ಹೋಗಿ ಮೆಟ್ಟಿಲಿನಿಂದ ಜಾರಿ ಬೀಳುತ್ತದೆ. ಎಸ್‌ಜಿ90 ಪೂರ್ತಿ ಸುತ್ತು ತಿರುಗುವುದಿಲ್ಲ, ಸುತ್ತುತ್ತಲೇ ಇರುವ ಪುಟ್ಟ ಎನ್20 ಗೇರ್ ಮೋಟಾರ್ ಹಾಕಿ. ತೂಕ ಹೆಚ್ಚುಕಡಿಮೆ ಅಷ್ಟೇ. ಬಿಗಿದ ಕಾಲಿನ ಹತ್ತಿರ ಮುಖ ಒಯ್ಯಬೇಡಿ, ನನ್ನ ಕನ್ನಡಕ ಒಡೆದದ್ದು ಹಾಗೆಯೇ.

ಹೊಸ ಬೆಸುಗೆ (ನಾಲ್ಕು ದಿನಗಳ ನಂತರ):
ಹಾರಿತು! ಆದರೆ ಪ್ರತಿ ಸಲವೂ ಹಿಂದಕ್ಕೆ ಲಾಗ ಹಾಕಿ ಬೆನ್ನ ಮೇಲೆ ಬೀಳುತ್ತಿದೆ.

ತಂತಿ ಬಾಲ:
ಭಾರ ಹಿಂದಕ್ಕಿದೆ. ಕಾಲು ಒದೆಯುವ ಬಲದ ಗೆರೆ ಗುರುತ್ವಕೇಂದ್ರದ ಮುಂದೆ ಹಾದುಹೋದರೆ ಮೂತಿ ಮೇಲೇಳುತ್ತದೆ. ರೋಬೋಟನ್ನು ಎರಡು ಬೇರೆ ಬೇರೆ ಜಾಗಗಳಿಂದ ದಾರ ಕಟ್ಟಿ ತೂಗುಹಾಕಿ, ಪಕ್ಕದಿಂದ ಫೋಟೊ ತೆಗೆಯಿರಿ. ಎರಡೂ ದಾರಗಳ ಗೆರೆಗಳು ಕೂಡುವಲ್ಲಿ ಗುರುತ್ವಕೇಂದ್ರ. ಬ್ಯಾಟರಿಯನ್ನು ಮುಂದಕ್ಕೆ ಸರಿಸುತ್ತಾ ಬನ್ನಿ. ಟೈಲ್ಸ್ ಮೇಲೆ ಹಾರಿಸುತ್ತಿದ್ದರೆ ಜಾರದಂತೆ ಪಾದಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ.

ಹೊಸ ಬೆಸುಗೆ:
ಬ್ಯಾಟರಿ 8 ಮಿ.ಮೀ. ಮುಂದೆ ಬಂತು. ಹತ್ತರಲ್ಲಿ ಏಳು ಸಲ ಕಾಲೂರಿ ಇಳಿಯಿತು. ಎತ್ತರ ಸದ್ಯಕ್ಕೆ 22 ಸೆಂ.ಮೀ.; ಇನ್ನೊಂದು ರಬ್ಬರ್ ಬ್ಯಾಂಡ್ ಸೇರಿಸುತ್ತೇನೆ, ಕನ್ನಡಕ ತೆಗೆದಿಟ್ಟು.

ಗೇರ್ ಪೆಟ್ಟಿಗೆ:
ತೆಗೆದಿಡಬೇಡಿ ಮಾರಾಯರೇ, ಹಾಕಿಕೊಂಡೇ ಇರಿ. ಕಣ್ಣು ಉಳಿದದ್ದು ಅದರಿಂದಲೇ.